ಬೀರಪ್ಪನ ಟಗರು, ಬೆಲ್ಲದ ಕೊಪ್ಪರಿಗೆ

ಮಾಡಬೇಕಾದ ಕೆಲಸ ಇಷ್ಟೇ. ಕೃಷ್ಣೆಯ ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಶಿದ್ರಾಮಪ್ಪನನ್ನು ಸೂರ್ಯ ಮುಳುಗುವುದರೊಳಗೆ ದಂಡೆಗೆ ತರಬೇಕು. ಆದರೆ ಶಿದ್ರಾಮಪ್ಪ ತನ್ನ ಕುರಿಗಳನ್ನು ಬಿಟ್ಟು ಬರುವವನಲ್ಲ. ಬೆಳಿಗ್ಗೆ ರಕ್ಷಣಾ ದೋಣಿ ಗಡ್ಡೆಯವರೆಗೂ ಹೋಗಿತ್ತು. ಮನುಷ್ಯರು ಮಾತ್ರ ಹತ್ತಬೇಕು ಎಂದು ದೋಣಿಯವರು ಹೇಳಿದ್ದೇ ತಡ, ಮುದುಕ ಕಂಬಳಿ ಹೊದ್ದು ಹಿಂಡಿನ ನಡುವೆ ಹೋಗಿ ಕೂತ. ಎಷ್ಟು ಕರೆದರೂ ಏಳಲಿಲ್ಲ. ಇನ್ನೊಂದು ಊರಿನಿಂದ ಕರೆ ಬಂದು ದೋಣಿ ಅತ್ತ ಹೋಯಿತು. ಸಂಜೆಗೆ ಇನ್ನಷ್ಟು ನೀರು ಬರುತ್ತದೆ ಎಂದು ಊರಲ್ಲಿ ಡಂಗುರ ಸಾರಿದ್ದರು. ಬಂದರೆ ಗಡ್ಡೆ ಇರುವುದಿಲ್ಲ.

ರಬಕವಿಯ ಕೆಳಗಿನ ಹೊಳೆದಂಡೆಯಲ್ಲಿ ಅವನ ಮಗಳು ಭಾಗ್ಯಾ ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಇಲ್ಲಿ ಹನಿ ಮಳೆ ಬಿದ್ದಿರಲಿಲ್ಲ. ಮಳೆಯೆಲ್ಲ ದೂರದ ಘಟ್ಟದಲ್ಲಿ, ನೀರು ಮಾತ್ರ ಇಲ್ಲಿ. ಚುರುಗುಟ್ಟುವ ಬಿಸಿಲಿನಲ್ಲೇ ಹೊಳೆ ಏರಿ ಕಬ್ಬಿನ ಹೊಲಗಳಿಗೆ ನುಗ್ಗಿ, ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ ಅಲ್ಲೇ ಉಳಿದು ಕೊಳೆಯತೊಡಗಿತ್ತು. ಆ ನಾತವನ್ನು ಏನೆಂದು ಹೇಳುವುದು? ಕೊಳೆತ ಕಬ್ಬಿನ ಸೋಗೆ, ಸತ್ತ ಮೀನು, ತಿಪ್ಪೆ, ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬಿಸಿ ಮಾಡಿದ ವಾಸನೆ.

ಭಾಗ್ಯಾಗೆ ಮೊದಲಿನಿಂದಲೂ ಹೇಸಿಗೆ ಜಾಸ್ತಿ. ಕುರಿಯ ನಾತ ತಡೆಯಲಾರದೆಯೇ ಮನೆ ಬಿಟ್ಟು ಬನಹಟ್ಟಿಯಲ್ಲಿ ಪವರ್‌ಲೂಮಿನ ಕೆಲಸ ಹಿಡಿದವಳು. ಅಲ್ಲಿಯೂ ಅವಳದೊಂದು ಚಾಳಿ ಹೆಸರಾಗಿತ್ತು. ಕಡಿದ ಎಳೆಯನ್ನು ಕಟ್ಟುವಳು, ಎಳೆದು ನೋಡುವಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆದು ನೋಡುವಳು. ತನ್ನ ಕೈಯನ್ನೇ ತಾನು ನಂಬದವಳು ಎಂದು ಎಲ್ಲರೂ ನಗುತ್ತಿದ್ದರು. ಆ ವಿಷಯದಲ್ಲಿ ಅವಳಿಗೂ ತನ್ನ ಮೇಲೆ ಹೇಸಿಗೆಯೇ ಇತ್ತು.

ಅವಳ ಸೋದರತ್ತೆಯ ಮಗ ಹಾಲಸಿದ್ದಪ್ಪನಿಗೆ ಅಂಥ ಕಾಟ ಇರಲಿಲ್ಲ. ಕೊರಳಲ್ಲಿ ಬೆಳ್ಳಿಯ ತಾಯತ, ಎದೆ ಯಾವಾಗಲೂ ಒಂದು ಗೇಣು ಮುಂದೆ. ಅವನು ತಪ್ಪು ದಾರಿಯನ್ನೂ ಎಷ್ಟು ಜೋರಾಗಿ ತೋರಿಸುತ್ತಿದ್ದನೆಂದರೆ, ಸರಿ ದಾರಿ ಗೊತ್ತಿದ್ದವರೂ ಅವನ ಹಿಂದೆಯೇ ಹೋಗುತ್ತಿದ್ದರು.

“ಹೊಳಿ ಅಂದ್ರ ನನಗ ಮನಿ ಅಂಗಳ ಇದ್ದಂಗ,” ಎಂದ. “ಹೋಗೂದು, ತರೂದು. ಅಷ್ಟ.”

“ನೀರು ಎಷ್ಟ ಆಳ ಐತಿ ಅಂತ ಗೊತ್ತೈತೇನು ಮಾವಾ?”

“ಇಳದ ಮ್ಯಾಲ ಗೊತ್ತಾಕ್ಕೈತಿ.”

ದೋಣಿ ಇಲ್ಲದಾಗ ಈ ಸೀಮೆಯವರಿಗೆ ಬೆಲ್ಲ ಕಾಯಿಸುವ ಕೊಪ್ಪರಿಗೆಯೇ ದೋಣಿ. ತೇರದಾಳದ ಅಪ್ಪಾಸಾಬರ ಗಾಣದ ಕೊಪ್ಪರಿಗೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ನೀರಿಗೆ ಇಳಿಸಿದರು. ಅಗಲವಾದ ಕಬ್ಬಿಣದ ಪಾತ್ರೆ, ನಾಲ್ಕು ಜನ ಆರಾಮಾಗಿ ಕೂರಬಹುದು. ಅದರ ಹಿಂದೆಯೇ ಧೋತರ ಎತ್ತಿ ಕಟ್ಟಿಕೊಂಡು ಅಪ್ಪಾಸಾಬರೂ ಇಳಿದರು.

“ನೀವ್ಯಾಕ ಸಾವಕಾರ್ರ?” ಎಂದು ಹಾಲಸಿದ್ದಪ್ಪ ಕೇಳಿದ.

“ಕೊಪ್ಪರಿಗಿ ನಮ್ಮಜ್ಜನ ಕಾಲದ್ದು. ನಿನ್ನ ಕೈಯಾಗ ಕೊಟ್ಟು ನಾ ಮನ್ಯಾಗ ಕುಂದರಲಿ ಏನು? ನಡಿ. ಹೊತ್ತು ಮುಳುಗೂದ್ರಾಗ ತಿರುಗಿ ಬರಬೇಕ ನೋಡು, ನಾ ಉಣಬೇಕು.” ಅಪ್ಪಾಸಾಬರು ಜೈನರು. ಸೂರ್ಯ ಮುಳುಗಿದ ಮೇಲೆ ಅನ್ನ ನೀರು ಮುಟ್ಟುವವರಲ್ಲ.

ಹೀಗೆ ಮೂವರೂ ಹೊರಟರು. ನಿಜ ಹೇಳಬೇಕೆಂದರೆ, ಹಾಲಸಿದ್ದಪ್ಪ ಇರದಿದ್ದರೆ ಭಾಗ್ಯಾ ದಂಡೆಯಲ್ಲೇ ನಿಂತು ಆಳ ಅಳೆಯುತ್ತ ಸಂಜೆ ಮಾಡುತ್ತಿದ್ದಳು.

ಮೊದಲು ದಾಟಬೇಕಾದದ್ದು ಮುಳುಗಿದ ಕಬ್ಬು. ಎರಡೂ ಕಡೆ ಆಳೆತ್ತರದ ಗರಿಗಳು, ನಡುವೆ ಒಂದು ಸಂದು, ಮೇಲೆ ಸುಡುವ ಆಕಾಶ. ಗಾಳಿ ಎಂಬುದು ಆ ಕಡೆ ತಲೆ ಹಾಕಿರಲಿಲ್ಲ. ನೀರಿನ ಮೇಲೆ ಕಂದು ನೊರೆ ಕೆನೆಗಟ್ಟಿತ್ತು. ಗಳ ಹಾಕಿ ಎತ್ತಿದರೆ ಕಪ್ಪು ಲೋಳೆ ದಾರದಂತೆ ಜೋಲುತ್ತಿತ್ತು. ಕೆಂಪಿರುವೆಗಳು ಒಂದನ್ನೊಂದು ಕಚ್ಚಿ ಹಿಡಿದು ಉಂಡೆಯಾಗಿ ತೇಲುತ್ತಿದ್ದವು. ಗರಿಗಳ ತುದಿಯಲ್ಲಿ ನೀರುಹಾವುಗಳು ಸುತ್ತಿಕೊಂಡು, ಇವರನ್ನು ನೋಡಿಯೂ ನೋಡದಂತೆ ಬಿದ್ದಿದ್ದವು. ಒಂದು ತಿರುವಿನಲ್ಲಿ ಉಬ್ಬಿದ ನಾಯಿಯೊಂದು ಬಂದು ಕೊಪ್ಪರಿಗೆಗೆ ಮೆಲ್ಲನೆ ತಾಗಿತು, ತಾಗಿದಲ್ಲೇ ಒಡೆಯಿತು. ಭಾಗ್ಯಾ ಅಂಚಿಗೆ ಬಾಗಿ ಬೆಳಗಿನ ಚಹಾವನ್ನೆಲ್ಲ ಹೊಳೆಗೆ ಒಪ್ಪಿಸಿದಳು.

ಹಾಲಸಿದ್ದಪ್ಪ ಹೊಟ್ಟೆ ಹಿಡಿದು ನಕ್ಕ. “ಇಷ್ಟಕ್ಕ ಹಿಂಗಾದ್ರ ಮುಂದ ಹೆಂಗ?”

ಅವಳು ಬಾಯಿ ಒರೆಸಿಕೊಂಡು ಕೋಲು ಎತ್ತಿಕೊಂಡಳು. ಈ ಮನುಷ್ಯನ ನಗುವಿಗಿಂತ ಆ ನಾಯಿಯೇ ವಾಸಿ ಎನಿಸಿತು.

ಕೈ ಸುಮ್ಮನಿರಲಿಲ್ಲ. ಕೋಲಿನಿಂದ ತಳ ಚುಚ್ಚುತ್ತಲೇ ಇದ್ದಳು. ಒಂದು ಕಡೆ ಆಳ, ಒಂದು ಕಡೆ ಗಟ್ಟಿ. ಗಟ್ಟಿ ಇದ್ದದ್ದು ಹೊಲದ ಒಡ್ಡು. ಅದರ ಮೇಲೆ ಮೊಣಕಾಲಷ್ಟೇ ನೀರು. ತಿರುಗಿ ಬರುವಾಗ ಅದು ಎಲ್ಲಿತ್ತೆಂದು ನೆನಪಿರುವುದೋ ಇಲ್ಲವೋ, ತನ್ನ ನೆನಪಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಸೊಂಟದ ಚೀಲದಲ್ಲಿ ಮಗ್ಗದ ಹಳದಿ ನೂಲಿನ ಚೂರುಗಳಿದ್ದವು. ಒಡ್ಡಿನ ಉದ್ದಕ್ಕೂ ಅಲ್ಲಲ್ಲಿ ಒಂದೊಂದು ಗರಿಗೆ ನೂಲು ಕಟ್ಟುತ್ತ, ಎಳೆದು ನೋಡುತ್ತ ಬಂದಳು.

“ಏನ ಅದು, ಮದುವಿ ಹಂದರ ಹಾಕಾಕತ್ತೀಯೇನು?” ಎಂದ ಹಾಲಸಿದ್ದಪ್ಪ.

“ಇರಲಿ ಬಿಡ್ರಿ ಮಾವಾ.”

“ದಾರಿ ನನ್ನ ತಲ್ಯಾಗ ಐತಿ.”

ಕಬ್ಬು ಮುಗಿದಲ್ಲಿ ಹೊಳೆಯ ಕವಲು ಸಿಕ್ಕಿತು. ಬೇಸಿಗೆಯಲ್ಲಿ ಕುರಿಗಳು ಗೊರಸು ನೆನೆಯದೆ ದಾಟುತ್ತಿದ್ದ ಹಳ್ಳ ಈಗ ಮಣ್ಣಿನ ಬಣ್ಣ ಬಳಿದುಕೊಂಡು ಸರಸರ ಹರಿಯುತ್ತಿತ್ತು. ಆಚೆ ನಡುಗಡ್ಡೆ. ಕೆಳಗೆ, ಕೂಗಳತೆಯಲ್ಲಿ, ಈ ಕವಲು ದೊಡ್ಡ ಹೊಳೆಗೆ ಸೇರುವ ಕಡೆ ನೀರು ಸುರುಳಿ ಸುತ್ತುತ್ತಿತ್ತು. ಅಲ್ಲಿಗೆ ಹೋದದ್ದು ತಿರುಗಿ ಬರುವ ಮಾತೇ ಇಲ್ಲ. ಹಾಲಸಿದ್ದಪ್ಪ ಗಳ ಊರಿ, ತೋಳು ಉಬ್ಬಿಸಿ, ಒಂದೇ ಉಸಿರಿಗೆ ದಾಟಿಸಿಬಿಟ್ಟ. ಅದನ್ನು ಒಪ್ಪಲೇಬೇಕು.

ಗಡ್ಡೆಯ ಮೇಲಿನ ತುದಿಯ ಕೆಸರಿನಲ್ಲಿ ಮೊಸಳೆ ಹೊಟ್ಟೆ ಎಳೆದುಕೊಂಡು ಹೋದ ಗುರುತು ಹಸಿಯಾಗಿತ್ತು. ಉಳಿದ ನೆಲವೆಲ್ಲ ಕುರಿ, ಕುರಿಯ ಹಿಕ್ಕೆ, ನೊಣ. ನಡುವೆ ಶಿದ್ರಾಮಪ್ಪ.

“ಬಂದ್ಯಾ ಮಗಳ,” ಎಂದ ಮುದುಕ, ಸಂತೆಗೆ ಬಂದವಳನ್ನು ಕೇಳಿದಂತೆ. “ಮೊದಲ ಬೀರಪ್ಪನ ಟಗರಿನ್ನ ದಾಟಸ್ರಿ. ಆಮ್ಯಾಲ ಉಳದದ್ದು.”

ಅದು ಆ ಮನೆತನದ ಪದ್ಧತಿ. ಕುಲದೇವರು ಬೀರಪ್ಪನಿಗೆ ಬಿಟ್ಟ ಟಗರು ಹಣೆಗೆ ಭಂಡಾರದ ಅರಿಶಿನ ಹಚ್ಚಿಸಿಕೊಂಡು, ಕೊರಳ ಗಂಟೆ ಬಾರಿಸುತ್ತ ಹಿಂಡಿನ ಮುಂದೆ ನಡೆಯುತ್ತದೆ. ಮೊದಲ ಮೇವು ಅದಕ್ಕೆ, ಮೊದಲ ನೀರು ಅದಕ್ಕೆ. ಅದು ಎಲ್ಲಿ ಹೆಜ್ಜೆ ಇಟ್ಟರೆ ಹಿಂಡು ಅಲ್ಲಿಗೆ.

ಭಾಗ್ಯಾಗೆ ಅನುಮಾನ ಬಂತು. “ಅದು ಹೋದ ಮ್ಯಾಲ ಉಳದವು ನಿಂತಾವೇನು?” ಎಂದಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ದೇವರದು ಮೊದಲ,” ಎಂದು ಹಾಲಸಿದ್ದಪ್ಪ ಆಗಲೇ ಟಗರಿನ ಕಾಲು ಕಟ್ಟಿ ಎತ್ತಿ ಕೊಪ್ಪರಿಗೆಯಲ್ಲಿ ಹಾಕಿದ್ದ. ಅಪ್ಪನಿಗೂ ಅದೇ ಬೇಕಿತ್ತು. ಇಬ್ಬರಿಗೆ ಅನುಮಾನವಿಲ್ಲದ ಮೇಲೆ ತನ್ನದೇನು ಎಂದು ಅವಳು ಮಾತು ನುಂಗಿಕೊಂಡಳು. ಹೊಳೆಯ ನೀರು ಕುಡಿದಷ್ಟೇ ಕೆಟ್ಟ ರುಚಿ.

ಮುದುಕನನ್ನು ಹಿಂಡಿನ ಜೊತೆ ಬಿಟ್ಟು, ಮೂವರನ್ನೂ ಟಗರನ್ನೂ ಹೊತ್ತ ಕೊಪ್ಪರಿಗೆ ಗಡ್ಡೆ ಬಿಟ್ಟಿತು. ಟಗರು ಒರಲಿತು.

ಮೊದಲು ಒಂದು ಕುರಿ ನೀರಿಗೆ ಹಾರಿತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಹಿಂಡು.

“ಹೋಯ್ತಲ್ಲೋ,” ಎಂದು ಶಿದ್ರಾಮಪ್ಪ ಕಂಬಳಿಯ ಸಮೇತ ಅವುಗಳ ಹಿಂದೆ ಇಳಿದ.

ನೀರೆಲ್ಲ ತಲೆ, ಕಿವಿ, ಬಿಳಿ ಕಣ್ಣು. ಎಲ್ಲವೂ ಈಜಿ ಬಂದದ್ದು ಕೊಪ್ಪರಿಗೆಗೇ. ಮುಂಗಾಲು ಅಂಚಿಗೆ ಹಾಕಿದವು, ಒಂದರ ಮೇಲೊಂದು ಏರಿದವು. ಕೊಪ್ಪರಿಗೆ ವಾಲಿತು. ಕಂದು ನೀರು ಒಳಗೆ ನುಗ್ಗಿತು.

ಗಳ ಹಾಲಸಿದ್ದಪ್ಪನ ಕೈ ಜಾರಿ ತೇಲಿ ಹೋಯಿತು.

ಅವನು ನಿಂತಲ್ಲೇ ನಿಂತ. ಖಾಲಿ ಕೈಗಳನ್ನು ನೋಡಿದ. ಹುಟ್ಟಿದಾಗಿನಿಂದ ಅನುಮಾನ ಎಂಬುದರ ಮುಖ ಕಾಣದ ಮನುಷ್ಯ. ಅದು ಇವತ್ತು ಮೊದಲ ಬಾರಿ ಎದುರಿಗೆ ಬಂದು ನಿಂತಾಗ ಅದರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

“ಹಾಲಸಿದ್ದಾ, ಏನಾರ ಮಾಡೋ,” ಎಂದು ಅಪ್ಪಾಸಾಬರು ಬೊಗಸೆಯಲ್ಲಿ ನೀರು ಚೆಲ್ಲುತ್ತ ಅರಚಿದರು.

ಭಾಗ್ಯಾ ಅಪ್ಪನನ್ನು ಹುಡುಕಿದಳು. ನೆನೆದ ಕಂಬಳಿ ಅವನನ್ನು ಕೆಳಗೆ ಜಗ್ಗುತ್ತಿತ್ತು. ಒಂದು ಕುರಿಯ ಬೆನ್ನು ತಬ್ಬಿಕೊಂಡಿದ್ದ. ಕುರಿ ಕೊಪ್ಪರಿಗೆಯನ್ನು ಸುತ್ತುತ್ತಿತ್ತು, ಕೊಪ್ಪರಿಗೆ ಸುರುಳಿ ನೀರಿನ ಕಡೆ ಸರಿಯುತ್ತಿತ್ತು. ಟಗರು ಇಲ್ಲಿರುವ ತನಕ ಎಲ್ಲವೂ ಇಲ್ಲೇ ಸುತ್ತುತ್ತವೆ. ಅಪ್ಪನೂ ಅಷ್ಟೇ.

ಟಗರು ಈಜಿ ಕಬ್ಬಿನ ಕಡೆ ಹೋದರೆ?

ಅದು ಮುಳುಗಿದರೆ? ಹಿಂಡು ಕೆಳಕ್ಕೆ ತಿರುಗಿದರೆ? ದೇವರ ಪ್ರಾಣಿಯನ್ನು ಹೇಸಿಗೆ ನೀರಿಗೆ ನೂಕಿದವಳು ಎಂದು ಊರೆಲ್ಲ ಉಗಿದರೆ? ಅನುಮಾನಗಳೆಲ್ಲ ಒಟ್ಟಿಗೆ ಬಂದವು. ಬರಲಿ. ಅವು ಅವಳಿಗೆ ದಿನವೂ ಜೊತೆಗಿದ್ದವೇ. ಅವುಗಳ ನಡುವೆಯೇ ಮಗ್ಗ ನಡೆಸಿದವಳು, ಕೈ ನಡುಗುವಾಗಲೂ ಎಳೆ ಕಟ್ಟಿದವಳು.

ಟಗರಿನ ಕಾಲಿಗೆ ಬಾಗಿದಳು. ನೆನೆದ ಹಗ್ಗ ಬಿಗಿದುಹೋಗಿತ್ತು, ಮೇಲೆ ಹಿಕ್ಕೆ ಮೆತ್ತಿತ್ತು. ಬೆರಳು ಗಂಟಿನ ಸಂದು ಹುಡುಕಿದವು. ಬಿಚ್ಚಲಿಲ್ಲ. ಹಲ್ಲು ಹಾಕಿದಳು. ಥೂ, ಎಂಥ ರುಚಿ. ಗಂಟು ಸಡಿಲಿತು. ಟಗರು ಕೃತಜ್ಞತೆಯಿಂದಲೋ ಏನೋ ಅವಳ ಮಡಿಲಲ್ಲೇ ಉಚ್ಚೆ ಹೊಯ್ದಿತು.

“ಮಾವಾ, ಇಲ್ಲಿ ಕೇಳು,” ಎಂದಳು. ಬಹುವಚನ ಎಲ್ಲಿ ಹೋಯಿತೋ. “ಬ್ಯಾರೆ ಏನೂ ಮಾಡಬ್ಯಾಡ. ಹಾರು. ಅಪ್ಪನ ಕಂಬಳಿ ತಗಿ. ಅವನ್ನ ಹಿಡಕೊಂಡು ನನ್ನ ಹಿಂದ ಬಾ.”

ಹಾಲಸಿದ್ದಪ್ಪ ಅವಳನ್ನು ನೋಡಿದ. ಕಣ್ಣಿಗೆ ಜೀವ ಬಂತು. ಹಾರಿದ.

ಅವಳು ಟಗರಿನ ಎರಡೂ ಕೊಂಬು ಹಿಡಿದಳು, ಕಾಲು ಕೊಟ್ಟು ದೂಡಿದಳು, ತಾನೂ ಅದರ ಜೊತೆಗೇ ಬಿದ್ದಳು. ಈಜು ಬರುತ್ತಿತ್ತು, ನಂಬಿಕೆ ಇರಲಿಲ್ಲ. ಬಾಯಿ ತುಂಬ ನೀರು ಹೋಯಿತು. ದಪ್ಪಗೆ, ಬೆಚ್ಚಗೆ. ಉಗುಳಿ ಅಪ್ಪನ ಹಾಗೆ ನಾಲಿಗೆ ಹೊರಳಿಸಿ ಹಿಂಡನ್ನು ಕರೆದಳು. ಚಿಕ್ಕಂದಿನಲ್ಲಿ ಕಲಿತು ನಾಚಿಕೆಪಟ್ಟು ಬಿಟ್ಟ ಕೂಗು ಅದು.

ಟಗರಿನ ಗಂಟೆ ಒಮ್ಮೆ ಕೇಳಿಸಿತು, ಒಮ್ಮೆ ಮುಳುಗಿತು. ಕಬ್ಬು ಯಾವ ಕಡೆ? ನೊರೆ ಕಣ್ಣಿಗೆ ಕಟ್ಟಿತ್ತು. ಆಗ ಗರಿಯ ತುದಿಯಲ್ಲಿ ಹಳದಿ ಕಂಡಿತು. ಆಮೇಲೆ ಇನ್ನೊಂದು ಹಳದಿ.

ಅತ್ತಲೇ ಒದೆದಳು. ಕಾಲಿಗೆ ಏನೋ ಮೆತ್ತಗೆ ಸುತ್ತಿ ಬಿಟ್ಟಿತು. ಅದೇನೆಂದು ಯೋಚಿಸಲಿಲ್ಲ. ಕಾಲಿನ ಕೆಳಗೆ ಒಡ್ಡು ಸಿಕ್ಕಿತು. ಟಗರು ಮೈ ಕೊಡವಿ ನಿಂತು ಒರಲಿತು. ತಿರುಗಿ ನೋಡಿದರೆ, ನೀರಿನ ತುಂಬ ತಲೆಗಳು ಇತ್ತಲೇ ಬರುತ್ತಿದ್ದವು. ಅವುಗಳ ನಡುವೆ ಹಾಲಸಿದ್ದಪ್ಪನ ತೋಳು ಏಳುತ್ತಿತ್ತು, ಬೀಳುತ್ತಿತ್ತು. ತೋಳಿನ ಪಕ್ಕ ಅಪ್ಪನ ಬಿಳಿ ತಲೆ. ಹಗುರಾದ ಕೊಪ್ಪರಿಗೆಯನ್ನು ಅಪ್ಪಾಸಾಬರು ಎರಡೂ ಕೈಯಿಂದ ನೀರು ಬಡಿಯುತ್ತ, ಯಾರಿಗೋ ಬೈಯುತ್ತ ಕಬ್ಬಿಗೆ ತಂದು ಸಿಕ್ಕಿಸಿದ್ದರು.

ಹಳದಿ ನೂಲಿನ ಗುರುತು ಹಿಡಿದು ಒಡ್ಡಿನ ಮೇಲೆ ನಡೆದರು. ಮುಂದೆ ಟಗರು, ಹಿಂದೆ ಹಿಂಡು, ಕೊನೆಗೆ ಕೊಪ್ಪರಿಗೆ ಜಗ್ಗುವ ಅಪ್ಪಾಸಾಬರು. ಕೆಲವು ಮರಿಗಳು ಬರಲಿಲ್ಲ. ತಾಯಿ ಕುರಿಗಳು ತಿರುಗಿ ತಿರುಗಿ ಕೂಗುತ್ತಿದ್ದವು.

ದಂಡೆ ಮುಟ್ಟಿದಾಗ ಸೂರ್ಯ ಆಗತಾನೆ ಮುಳುಗಿದ್ದ. ಅಪ್ಪಾಸಾಬರು ಆಕಾಶ ನೋಡಿ ನಿಟ್ಟುಸಿರು ಬಿಟ್ಟು, ಕೊಪ್ಪರಿಗೆಯ ಪಕ್ಕ ಉಪವಾಸ ಕೂತರು. ಭಾಗ್ಯಾಳ ತಾಯಿ ಮಾದೇವಿ ರೊಟ್ಟಿಯ ಗಂಟು ಬಿಚ್ಚಿದಳು. ಊರ ಜನ ಸೇರಿದರು. ಕಾಲಿನ ಜಿಗಣೆ ಕೀಳುತ್ತಿದ್ದ ಹಾಲಸಿದ್ದಪ್ಪನ ಎದೆ ಮೆಲ್ಲಗೆ ಮುಂದೆ ಬರತೊಡಗಿತು.

“ಟಗರಿನ್ನ ನೀರಿಗೆ ಬಿಟ್ರ ಹಿಂಡು ಹಿಂದ ಬರ್ತೈತಿ ಅಂತ ನನಗ ಮೊದಲ ಗೊತ್ತಿತ್ತು,” ಎಂದ. “ಅದಕ್ಕ ದೂಡಿಬಿಟ್ವಿ.”

ಭಾಗ್ಯಾಗೆ ಒಡೆದ ನಾಯಿಗಿಂತ ಈ ಮಾತೇ ಹೆಚ್ಚು ಹೇಸಿಗೆ ಎನಿಸಿತು. ಗಡ್ಡೆಯಲ್ಲಿ ನುಂಗಿದ ಮಾತಿನ ರುಚಿ ಇನ್ನೂ ಗಂಟಲಲ್ಲಿತ್ತು. ಮತ್ತೊಂದನ್ನು ನುಂಗಲು ಅಲ್ಲಿ ಜಾಗವಿರಲಿಲ್ಲ.

“ನಿನಗ ಗೊತ್ತಿರಲಿಲ್ಲ ಮಾವಾ,” ಎಂದಳು. ದನಿ ಎಲ್ಲರಿಗೂ ಕೇಳಿಸಿತು. “ನನಗೂ ಗೊತ್ತಿರಲಿಲ್ಲ. ದೂಡಿದಾಕಿ ನಾನು.”

ಹಾಲಸಿದ್ದಪ್ಪ ಕಿತ್ತ ಜಿಗಣೆಯನ್ನು ದೂರ ಎಸೆದ. “ಖರೆ,” ಎಂದ. “ನನ್ನ ಕೈಕಾಲ ಆಡಲಿಲ್ಲ.”

ಶಿದ್ರಾಮಪ್ಪ ತಲೆ ಎತ್ತಿದ. “ದೇವರ ಟಗರಿನ್ನ ಆ ಹೊಲಸ ನೀರಾಗ ದೂಡಿದಿ?”

“ಹೂಂ ಅಪ್ಪಾ.”

ಮುದುಕ ಟಗರನ್ನು ನೋಡಿದ, ಮಗಳನ್ನು ನೋಡಿದ. ಸೊಂಟದ ಚೀಲ ಬಿಚ್ಚಿದರೆ ಭಂಡಾರ ನೆನೆದು ಮುದ್ದೆಯಾಗಿತ್ತು. ಅದನ್ನು ಟಗರಿನ ಹಣೆಗೆ ಒತ್ತಿದ. ಬೆರಳಲ್ಲಿ ಉಳಿದದ್ದನ್ನು ಅವಳ ಹಣೆಗೆ ಬಳಿದ.

“ಇಬ್ಬರೂ ನಾರಾಕತ್ತೀರಿ,” ಎಂದ. “ಎದ್ದು ತೊಳಕೋರಿ.”

ಟಗರು ಅವಳ ಹತ್ತಿರ ಬಂದು, ಮೂಗು ಅರಳಿಸಿ, ಅವಳ ಮುಖಕ್ಕೇ ಸೀನಿತು. ಭಾಗ್ಯಾ ಸೆರಗಿನಿಂದ ಒರೆಸಿಕೊಂಡಳು. ಸೆರಗು ಅದಕ್ಕಿಂತ ಹೊಲಸಾಗಿತ್ತು. ಮಾದೇವಿ ರೊಟ್ಟಿ ಚಾಚಿದಳು. ಕೈ ತೊಳೆಯದೆ ಬನಹಟ್ಟಿಯಲ್ಲಿ ಚಹಾದ ಲೋಟವನ್ನೂ ಮುಟ್ಟದವಳು ಅದನ್ನು ಹಾಗೆಯೇ ಮುರಿದು ಬಾಯಿಗೆ ಹಾಕಿಕೊಂಡಳು. ಅದೇ ಕೈಯಿಂದ ಇನ್ನೊಂದು ರೊಟ್ಟಿ ತೆಗೆದುಕೊಂಡಳು.