ಸುರಗಿ ಆರಿಸಿದ ತಾಯಿತಗಳು

ಅಜ್ಜಂದಿರ ಅಜ್ಜಂದಿರಿಗೂ ನೆನಪಿರದಷ್ಟು ಹಿಂದೆ ಏರುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಊರಿಗೊಂದು ಗರಡಿಮನೆ, ಗರಡಿಮನೆಗೊಬ್ಬ ಗುರು. ಇದನ್ನು ಕಂಡು ಹೊಟ್ಟೆ ಉರಿದುಕೊಂಡವನು ಮಾಂತ್ರಿಕ ಧೂಮಕೇಶ. ಹುಟ್ಟಿದಾಗಿನಿಂದ ಒಂದು ಬಸ್ಕಿ ಹೊಡೆದವನಲ್ಲ, ಆದರೂ ಎಲ್ಲರಿಗಿಂತ ಬಲಶಾಲಿ ಎನಿಸಿಕೊಳ್ಳುವ ಆಸೆ. ಅವನು ನಾಡಿನ ಮೇಲೆ ಎರಡು ಮಾಟ ಹಾಕಿದ. ಮನುಷ್ಯರ ಸಾಧನೆ ಬೆಳೆದಷ್ಟೂ ಮೃಗಗಳ ಬಲ ಬೆಳೆಯಬೇಕು. ದುಡಿದ ಅಂಗಕ್ಕೆ ದುಡಿಮೆಯ ಫಲ ದಕ್ಕಬಾರದು.

ಏರುಗಿರಿಯ ಪಾಡು ನಗುವಂತೆಯೂ ಇರಲಿಲ್ಲ, ಅಳುವಂತೆಯೂ ಇರಲಿಲ್ಲ. ದಂಡ ಹೊಡೆದವರಿಗೆ ತೋಳು ಬಲಿಯದೆ ಮೂಗು ಚುರುಕಾಯಿತು. ಸೇನಾಪತಿ ಕತ್ತಿವರಸೆ ಕಲಿತಷ್ಟೂ ಕಣಜದ ಇಲಿಗಳು ಕೊಬ್ಬಿ ಎಮ್ಮೆಗಾತ್ರವಾದವು. ಕೊನೆಗೆ ಅರಸನೇ, "ದಯವಿಟ್ಟು ಯಾರೂ ವ್ಯಾಯಾಮ ಮಾಡಬೇಡ್ರಪ್ಪಾ" ಎಂದು ಡಂಗುರ ಹೊಡೆಸಿದ.

ಗರಡಿ ಬಿಡದವನು ಗುರು ಭೈರಮಲ್ಲನೊಬ್ಬನೇ. ಧೂಮಕೇಶ ಅವನನ್ನು ಗುಂಡುಕಲ್ಲು ಮಾಡಿ, ತನ್ನ ಕೋಟೆಗೆ ಉರುಳಿಸಿಕೊಂಡು ಹೋಗಿ, ಕಾಲಿಡುವ ಮಣೆಯಾಗಿಸಿಕೊಂಡ. ಭೈರಮಲ್ಲನಿಗೆ ಸುರಗಿ ಎಂಬ ಒಬ್ಬಳೇ ಮಗಳು. ತಾಯಿಯಿಲ್ಲದ ಆ ಹುಡುಗಿಗೆ ಲೋಕವೆಂದರೆ ಅಪ್ಪ. ಅವಳು ಬುತ್ತಿ ಕಟ್ಟಿಕೊಂಡು ಕೋಟೆಯತ್ತ ಹೊರಟಳು.

ದಾರಿಯಲ್ಲಿ ತಾಯಿತ ಮಾರುವ ಚೆನ್ನಜ್ಜಿ ಬುಟ್ಟಿ ಹರಡಿಕೊಂಡು ಕೂತಿದ್ದಳು. ಒಂದೊಂದು ತಾಯಿತವೂ ಲೋಕದ ಒಂದೊಂದು ನಡೆಯನ್ನು ತಿದ್ದುವಂಥದ್ದು.

"ಅಪ್ಪನ್ನ ಬಿಡಿಸ್ಬೇಕು ಅಜ್ಜಿ. ಯಾವುದು ಕಟ್ಕೊಳ್ಳಲಿ?" ಎಂದಳು ಸುರಗಿ. ಅಜ್ಜಿ ಬಾಯಿ ತೆರೆಯುವ ಮೊದಲೇ ಆತುರಗಾತಿ ಬುಟ್ಟಿಯಲ್ಲಿದ್ದುದನ್ನೆಲ್ಲ ಬಾಚಿ ಕೊರಳಿಗೂ ತೋಳಿಗೂ ಬಿಗಿದುಕೊಂಡಳು.

ಲೋಕ ಗಕ್ಕನೆ ನಿಂತಿತು. ಹಾರುತ್ತಿದ್ದ ಕಾಗೆ ಗಾಳಿಯಲ್ಲೇ ನಿಂತಿತು. ಹೊಳೆ ನಿಂತಿತು. ಎತ್ತಿದ ಕಾಲು ಎತ್ತಿದಂತೆಯೇ ಸುರಗಿಯೂ ನಿಂತಳು. ತನ್ನ ಸರಕು ತನಗೆ ತಟ್ಟದ ಚೆನ್ನಜ್ಜಿ ಮಾತ್ರ ಗೊಣಗುತ್ತ ಎದ್ದು ಒಂದೊಂದೇ ತಾಯಿತ ಬಿಚ್ಚಿದಳು, ಲೋಕ ಮತ್ತೆ ನಡೆಯಿತು.

"ಅಯ್ಯೋ ನನ್ ಕಂದಾ, ಒಂದು ತಾಯಿತ ಮೃಗ ಕುಗ್ಲಿ ಅನ್ನುತ್ತೆ, ಇನ್ನೊಂದು ಹಿಗ್ಲಿ ಅನ್ನುತ್ತೆ. ಲೋಕ ಪಾಪ ಯಾರ ಮಾತು ಕೇಳ್ಬೇಕು? ನಿಮ್ಮಪ್ಪ ಎಲ್ಲಾ ಪಟ್ಟೂ ಒಂದೇ ದಿನ ಹೇಳ್ಕೊಡ್ತಿದ್ರಾ?"

ಸುರಗಿಗೆ ನಾಚಿಕೆಯಾಯಿತು. "ಇಲ್ಲಜ್ಜಿ. ಒಂದು ಪಟ್ಟು ಮೈಗೆ ಹತ್ತೋವರೆಗೂ ಇನ್ನೊಂದು ಮುಟ್ಬೇಡ ಅಂತಿದ್ರು."

"ಹಾಗೇ ಮಾಡು. ಒಂದು ಕಟ್ಕೊ, ಅದು ಹೊಂದುತ್ತಾ ನೋಡು. ಆಮೇಲೆ ಬಾ."

ಮೊದಲು ಅವಳು ಆರಿಸಿದ್ದು ಮೃಗವನ್ನು ಅದರ ಸ್ವಂತ ಬಲದಲ್ಲೇ ಇರಿಸುವ ತಾಯಿತ. ಕೋಟೆಯ ಮೊದಲ ಬಾಗಿಲಲ್ಲಿದ್ದ ಆನೆಗಾತ್ರದ ತೋಳ ಅವಳನ್ನು ಕಂಡದ್ದೇ ತೋಳದಷ್ಟಾಯಿತು. ತೋಳವೆಂದರೂ ತೋಳವೇ, ಹಲ್ಲು ಹಲ್ಲೇ. ಅವಳು ಕೈಗೆ ಸಿಕ್ಕ ದೊಣ್ಣೆ ಬೀಸಿ ಅದನ್ನು ಓಡಿಸಿದಳು.

ಅಜ್ಜಿಯ ಬಳಿಗೆ ಮರಳಿ ಬಂದು ಆರಿಸಿದ ಎರಡನೆಯದು, ದುಡಿದ ಅಂಗಕ್ಕೇ ಫಲ ದಕ್ಕಿಸುವ ತಾಯಿತ. ಎರಡನೆಯ ಬಾಗಿಲು ಬರಿಯ ಬಂಡೆ. ತಳ್ಳಿದಳು, ಅಲುಗಲಿಲ್ಲ. ಮರುದಿನವೂ ತಳ್ಳಿದಳು. ಎಷ್ಟೋ ದಿನ ತಳ್ಳಿದ ಮೇಲೆ ತೋಳು ಉಕ್ಕಾಯಿತು, ಬಂಡೆ ನರಳಿ ಸರಿಯಿತು.

ಮೂರನೆಯ ಬಾಗಿಲಾಚೆ ಧೂಮಕೇಶನೇ ಇದ್ದ. ಅವನ ಮೇಲೆ ಬಿದ್ದ ಪೆಟ್ಟು ಹೂವಿನಂತೆ, ಅವನು ಕೊಟ್ಟ ಪೆಟ್ಟು ಬೆಟ್ಟದಂತೆ ಎಂದು ನಾಡಿಗೆಲ್ಲ ಗೊತ್ತಿತ್ತು. ಸುರಗಿ ಮತ್ತೆ ಅಜ್ಜಿಯ ಬಳಿಗೆ ಬಂದು ಬುಟ್ಟಿಯಿಂದ ಒಂದು ಹೊಳೆಯುವ ತಾಯಿತ ಎತ್ತಿಕೊಂಡಳು.

"ಇದನ್ನ ಕಟ್ಕೊಂಡ್ರೆ ಯಾವ ಪೆಟ್ಟೂ ತಾಗಲ್ವಾ ಅಜ್ಜಿ?"

"ತಾಗಲ್ಲ. ಬೇಕಾದ್ರೆ ತಗೋ, ನಾನೇನೂ ಬೈಯಲ್ಲ. ಆದ್ರೆ ಅವನು ಬಿದ್ರೆ ತಾಯಿತದಿಂದ ಬಿದ್ದ ಹಾಗೆ, ನಿನ್ನ ಕೈಯಿಂದ ಬಿದ್ದ ಹಾಗಾಗಲ್ಲ. ಮನುಷ್ಯರ ಕೈಯಿಂದ ಅವನ ಬೆನ್ನು ಮಣ್ಣು ಮುಟ್ಟಿದ್ರೇನೆ ಮಾಟ ಒಡೆಯೋದು."

ಸುರಗಿ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಹೆದರಿಕೆಯೇನು ಸುಳ್ಳೆ? ಆಮೇಲೆ ಅದನ್ನು ಬುಟ್ಟಿಗೆ ಹಾಕಿ, ಇಬ್ಬರ ಪೆಟ್ಟೂ ಇಬ್ಬರಿಗೂ ಸಮನಾಗಿ ನೋಯುವಂತೆ ಮಾಡುವ ತಾಯಿತ ಕಟ್ಟಿಕೊಂಡು ಮೂರನೆಯ ಬಾಗಿಲು ದಾಟಿದಳು.

ಧೂಮಕೇಶ ಗಹಗಹಿಸಿ ಒಂದು ಗುದ್ದು ಕೊಟ್ಟ. ಸುರಗಿಯ ತುಟಿ ಒಡೆಯಿತು. ಅವಳೂ ಒಂದು ಕೊಟ್ಟಳು. "ಅಮ್ಮಾ! ನೋಯುತ್ತೆ!" ಎಂದು ಅವನು ಕಿರುಚಿದ. ಅವನು ನೋವನ್ನು ಕಂಡದ್ದು ಅದೇ ಮೊದಲು. ಅವನ ಬೆರಗು ಇಳಿಯುವುದರೊಳಗೆ ಅವಳು ಸೊಂಟಕ್ಕೆ ಕೈಹಾಕಿ, ಎತ್ತಿ, ಮಣ್ಣಿಗೆ ಕೆಡವಿದಳು. ಮಾಟ ಮಡಕೆಯಂತೆ ಒಡೆಯಿತು. ಗುಂಡುಕಲ್ಲು ಕೆಮ್ಮಿತು, ಮೈಕೊಡವಿತು, ಭೈರಮಲ್ಲನಾಗಿ ಎದ್ದು ನಿಂತಿತು.

ಇಲಿಗಳು ಇಲಿಗಳಾದವು, ಗರಡಿಗಳು ತುಂಬಿದವು. ಧೂಮಕೇಶನೂ ಲಂಗೋಟಿ ಕಟ್ಟಿ ಮೊದಲ ಪಾಠಕ್ಕೆ ಬಂದ. ಏರುಗಿರಿಯವರು ಬೀಳುತ್ತ, ಏಳುತ್ತ, ಮೈಕೈ ನೋಯಿಸಿಕೊಳ್ಳುತ್ತ ಸುಖವಾಗಿ ಬಾಳಿದರು.

ಆದರೆ ಅವೆಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ಭೈರಮಲ್ಲ ಮಗಳನ್ನು ಮೇಲಿಂದ ಕೆಳಗೆ ನೋಡಿ, "ಕೆಡವುವಾಗ ಎಡಗಾಲು ಇನ್ನೂ ಸ್ವಲ್ಪ ಹಿಂದಿರ್ಬೇಕಿತ್ತು" ಎಂದ.

"ಅಪ್ಪಾ!" ಎಂದಳು ಸುರಗಿ, ಒಡೆದ ತುಟಿಯಲ್ಲೇ ನಗುತ್ತ.

"ಎಲ್ಲಿ, ಇನ್ನೊಂದ್ಸಲ ತೋರ್ಸು" ಎಂದು ಅವನು ಅವಳೆದುರು ಕಾಲೂರಿ ನಿಂತ. ಅವಳು ಅವನ ಸೊಂಟಕ್ಕೆ ಕೈಹಾಕಿದಳು. ಆದರೆ ಎತ್ತಲಿಲ್ಲ, ಹಾಗೇ ತಬ್ಬಿಕೊಂಡಳು.