ಬಿಳಿ ಡೆಕ್ಕಿನ ಮೇಲೆ ಕೆಂಪು ಕಲೆ

ಗ್ಲೇಸಿಯರ್ ಕಾಣುವ ಮೊದಲೇ ಭುವನಾಳಿಗೆ ಜೀವ ಸಾಕಾಗಿಹೋಗಿತ್ತು. ಬೋಟಿನ ಡೀಸೆಲ್ ಹೊಗೆ, ಅಡುಗೆಮನೆಯ ಮೀನುಸಾರಿನ ನಾತ, ಪಕ್ಕದವರು ಬಿಚ್ಚಿದ ಬೆಳ್ಳುಳ್ಳಿ ಚಟ್ನಿ, ಎಲ್ಲ ಸೇರಿ ಹೊಟ್ಟೆಯೊಳಗೆ ಜಗಳ ತೆಗೆದಿದ್ದವು.

ರಾಣೆಬೆನ್ನೂರಿನ ಬೀಜದ ಕಂಪನಿಯೊಂದು ಚೆನ್ನಾಗಿ ಮಾರಾಟ ಮಾಡಿದ ಡೀಲರುಗಳನ್ನು ಫಾರಿನ್ ಟೂರಿಗೆ ಕರೆದೊಯ್ಯುತ್ತದೆ. ಈ ಸಲ ಉತ್ತರ ಧ್ರುವದ ಹತ್ತಿರದ ನಡುಗಡ್ಡೆಗೆ. ಅವರನ್ನು ಕಾಯುವ ಕೆಲಸ ಕಂಪನಿಯಲ್ಲಿ ನೌಕರಿ ಮಾಡುವ ಭುವನಾಳ ಕೊರಳಿಗೆ ಬಿದ್ದಿತ್ತು. ಗುತ್ತಲದ ಡೀಲರು ಹೊಳಿಯಪ್ಪನಂತೂ ಬೆಳಿಗ್ಗೆಯೇ ಸಮುದ್ರಕ್ಕೆ ಗುಟ್ಕಾ ಉಗುಳಿ ಅವಳ ಮಾನ ಕಳೆದಿದ್ದ.

ಆದರೂ ಅವಳು ಒಪ್ಪಿ ಬಂದದ್ದು ಒಬ್ಬನಿಗಾಗಿ. ಬ್ಯಾಡಗಿಯ ಬೀಜದಂಗಡಿಯ ಚನ್ನೇಶ. "ನಿಮಗ ಹೇಸಿಕಿ ಅಂತ ಗುಟ್ಕಾ ಬಿಟ್ಟೇನ್ರಿ ಮೇಡಮ್," ಎಂದು ಅವನು ನೆಲ ನೋಡುತ್ತ ಹೇಳಿದ ದಿನದಿಂದ ಅವಳ ಮನಸ್ಸು ಅತ್ತ ವಾಲಿತ್ತು. ಅವಳನ್ನು ನೋಡಿಹೋಗಿದ್ದ ಹಾವೇರಿಯ ಗಂಡಿನ ಕಡೆಯವರಿಗೆ ಅವ್ವ ಇವತ್ತು ಉತ್ತರ ಕೊಡಬೇಕು. ಅವ್ವನಿಂದ ಬೇಡ ಎನ್ನಿಸಬೇಕೆಂದು ಭುವನಾ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ವಾಂತಿ ಮಾಡಿ, ಮುಖ ತೊಳೆದು ಡೆಕ್ಕಿಗೆ ಬಂದಳು. ಮೂಲೆಯಲ್ಲಿ ಚನ್ನೇಶ ಕುಕ್ಕರುಗಾಲಿನಲ್ಲಿ ಕೂತು ಏನನ್ನೋ ಒರೆಸುತ್ತಿದ್ದ. ಬಿಳಿ ನೆಲದ ಮೇಲೆ ಕೆಂಪು ಕಲೆ. ಅವಳನ್ನು ಕಂಡವನೇ ಅದರ ಮೇಲೆ ಬೂಟಿಟ್ಟ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಛೀ! ಇಲ್ಲಿ ಬಂದೂ ಉಗುಳಿದ್ರೇನು?"

"ಇಲ್ರಿ ಮೇಡಮ್, ಅದು..."

"ಸುಳ್ಳು ಹೇಳಬ್ಯಾಡ್ರಿ. ನಿಮ್ಮನ್ನ ನಂಬಿದ್ನಲ್ಲ, ನನಗ ನನ್ನ ಮ್ಯಾಲೇ ಹೇಸಿಕಿ ಬರಾಕತ್ತೇತಿ."

ಅವನು ಬೂಟನ್ನು ಕಲೆಯ ಮೇಲೆ ಇನ್ನಷ್ಟು ಒತ್ತಿದ. ಹಾವೇರಿಯವನಿಗೇ ಹೂಂ ಎಂದುಬಿಡುವುದು ಎಂದುಕೊಂಡಳು. ಇಂಥವನಿಗಾಗಿ ಕಣ್ಣೀರು ಬಂತಲ್ಲ ಎಂದು ಇನ್ನಷ್ಟು ಸಿಟ್ಟಾದಳು.

ಅಷ್ಟರಲ್ಲಿ ಎದುರಿನ ನೀಲಿ ಗ್ಲೇಸಿಯರಿನಿಂದ ಮನೆಯಷ್ಟು ದೊಡ್ಡ ಮಂಜುಗಡ್ಡೆಯ ತುಂಡು ಕಳಚಿ ನೀರಿಗೆ ಬಿತ್ತು. ಬೋಟು ಹೊಯ್ದಾಡಿತು. ಜಾರಿದ ಅವಳನ್ನು ಚನ್ನೇಶ ತೋಳು ಹಿಡಿದು ನಿಲ್ಲಿಸಿದ. ಡೆಕ್ಕಿಗೆ ನುಗ್ಗಿದ ನೀರು ಅವನ ಬೂಟಿನೊಳಗೆ ಹೊಕ್ಕು, ಕೆಂಪಾಗಿ ಹೊರಬಂತು.

"ಬೂಟು ಬಿಚ್ರಿ."

"ಬ್ಯಾಡ್ರಿ, ನಾಚಿಕಿ ಬರತೈತಿ."

"ಬಿಚ್ರಿ ಅಂದ್ನಲ್ಲ!"

ಬಿಚ್ಚಿದ. ಬೆವರಿನ ವಾಸನೆಯ ಜೊತೆ ಖಾರಪುಡಿಯ ಘಾಟು ಎದ್ದಿತು. ಭುವನಾ ಒಂದೇ ಸಮನೆ ಸೀನಿದಳು. ತೆಳ್ಳನೆಯ ಸಾಕ್ಸಿನೊಳಗೆ ಕೆಂಪು ಕೆಸರು, ಅದರೊಳಗೆ ಸುಕ್ಕುಗಟ್ಟಿದ ಕಾಲ್ಬೆರಳುಗಳು.

"ಕಾಲು ಬೆಚ್ಚಗಿರತಾವಂತ ಸಾಕ್ಸಿನಾಗ ಖಾರಪುಡಿ ಹಾಕಿದ್ನಿರಿ, ಅದ ಸೋರಿ ನೆಲಕ್ಕ ಬಿತ್ತು," ಎಂದ. "ಉಣ್ಣಿ ಸಾಕ್ಸ್ ಹೊಳಿಯಪ್ಪ ಕಾಕಾಗ ಕೊಟ್ಟೆ. ಸಕ್ಕರಿ ಬ್ಯಾನಿ ಅವರಿಗೆ, ಕಾಲು ಮರಗಟ್ಟಿದ್ವು."

"ಬೆಚ್ಚಗಾದ್ವೇನು?"

"ಎಲ್ಲೀದ್ರಿ! ಬ್ಯಾಡಗಿ ಮೆಣಸಿನಕಾಯಿ, ಬರೇ ಬಣ್ಣ, ಖಾರ ಕಮ್ಮಿ. ಆ ಊರಾಗ ಹುಟ್ಟಿ ಇಷ್ಟು ತಿಳೀಲಿಲ್ಲ ನನಗ. ನಿಮ್ಮ ಮುಂದ ಹೆಂಗ ಹೇಳ್ಲಿ?"

"ಥೂ, ಏನು ಹೊಲಸ್ರಿ ಇದು!" ಎನ್ನುತ್ತಲೇ ಅವಳು ತನ್ನ ಶಾಲು ತೆಗೆದು ಆ ಕಾಲಿಗೆ ಸುತ್ತಿದಳು. ಮೂಗು ಮುಚ್ಚಿಕೊಳ್ಳಬೇಕೆನ್ನಿಸಿತು, ಅವನನ್ನು ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು.

"ಶಾಲು ಕೆಡತೈತ್ರಿ."

"ಕೆಡ್ಲಿ."

ಚನ್ನೇಶ ಕೊನೆಗೂ ಅವಳ ಕಣ್ಣು ನೋಡಿದ. "ನಿಮಗ ಹೇಸಿಕಿ ಆಗೂದೊಂದೂ ಇರಬಾರದು ನನ್ನ ಕಡೆ ಅಂತ ಭಾಳ ಜತನ ಮಾಡಿದ್ನಿರಿ. ನೀವಂದ್ರ ಅಷ್ಟು ಜೀವ ನನಗ."

ಅವಳು ಶಾಲಿನ ಗಂಟು ಬಿಗಿದಳು. "ಸಂಜಿಕ ನಮ್ಮವ್ವಗ ಫೋನ್ ಹಚ್ಚತೇನಿ. ಹಾವೇರಿಯವರು ಬ್ಯಾಡ ಅಂತ ನಾ ಅಂದ್ರ, ಮತ್ಯಾರು ಅಂತ ಕೇಳತಾಳ. ಫೋನ್ ನಿಮ್ಮ ಕೈಯಾಗ ಕೊಡ್ತೇನಿ."

"ಏನಂತ ಹೇಳ್ಲಿರಿ?"

"ಹೆಸರು ಹೇಳ್ರಿ, ಸಾಕು. ಕಾಲಿನ ಸುದ್ದಿ ಬ್ಯಾಡ."