ಹದಿನೇಳನೇ ತಲೆ

ಏಪ್ರಿಲ್ ಹದಿನೈದು, ಮಂಗಳವಾರ. ಬೆಳಗ್ಗೆ 10.20ಕ್ಕೆ ಇಸ್ತಾಂಬುಲ್‌ನ ಶಿಶ್ಲಿ ಠಾಣೆಯ ಫೋನ್ ಬಡಿದುಕೊಂಡಿತು. ಕರೆ ಮಾಡಿದವಳು ಕೂದಲು ನಾಟಿ ಮಾಡುವ ಆಸ್ಪತ್ರೆಯೊಂದರ ನರ್ಸ್ ಪೆರಿಹಾನ್.

"ಯಾವನೋ ನಮ್ ಡಾಕ್ಟ್ರನ್ನ ಕೊಂದ್ಬಿಟ್ಟ. ಬೇಗ ಬನ್ನಿ."

ಇನ್‌ಸ್ಪೆಕ್ಟರ್ ತಹ್ಸಿನ್ ಮತ್ತು ಪೇದೆ ರೆಜಾಯಿ 10.35ಕ್ಕೆ ಸ್ಥಳ ತಲುಪಿದರು. ಡಾಕ್ಟರ್ ಓರ್ಹುನ್ ರೋಗಿಯ ಕುರ್ಚಿಗೆ ಅಡ್ಡವಾಗಿ ಬಿದ್ದಿದ್ದರು. ಕುತ್ತಿಗೆಗೆ ಎರಡು ಇರಿತ, ಎದೆಗೆ ಐದು, ಅಂಗೈಗೆ ನಾಲ್ಕು. ಚಾಕು ತಡೆಯಲು ಹೋದ ಬಲಗೈಯ ಎರಡು ಬೆರಳು ತೊಗಲಿನಲ್ಲಷ್ಟೇ ಜೋತಾಡುತ್ತಿದ್ದವು. ಗೋಡೆಯ ಮೇಲಿನ 'ಮೊದಲು – ನಂತರ' ಫೋಟೋಗಳಿಗೂ ರಕ್ತ ಹಾರಿ, ಬೋಳುತಲೆಗೂ ತುಂಬುಗೂದಲಿಗೂ ವ್ಯತ್ಯಾಸವೇ ಉಳಿದಿರಲಿಲ್ಲ.

ಬಿಡಿಸಲು ಹೋದ ಪೆರಿಹಾನಳ ಕೆನ್ನೆ ಕಿವಿಯಿಂದ ಗದ್ದದವರೆಗೆ ಸೀಳಿತ್ತು. ಬಟ್ಟೆ ಒತ್ತಿಕೊಂಡೇ ತಹ್ಸಿನ್‌ಗೆ ಹೇಳಿಕೆ ಕೊಟ್ಟಳು.

"ಮುಖ ನೋಡಿದ್ಯಾ?"

"ಮಾಸ್ಕು, ಸಡಿಲಾಗಿ ಕೂತ ಕಾಗದದ ಟೋಪಿ, ನಮ್ಮದೇ ಹಸಿರಂಗಿ. ನಮ್ಮೋನೇ ಯಾರೋ ಅನ್ಕೊಂಡೆ ಸಾರ್."

"ಏನಂದ?"

"ಒಂದೇ ಮಾತು. 'ಹದಿನೇಳಕ್ಕೆ ನೀರಾ, ಮದ್ದಾ?' ಅಂತ ಕೇಳೋದು, ಚುಚ್ಚೋದು. ಕೇಳೋದು, ಚುಚ್ಚೋದು. ಡಾಕ್ಟ್ರು 'ನಂಗೇ ಗೊತ್ತಿಲ್ಲಪ್ಪ' ಅಂತಾನೇ ಇದ್ರು."

"ಸುಳ್ಳು ಹೇಳಿದ್ರಾ?"

"ಇಲ್ಲ ಸಾರ್, ನಿಜ. ಅವರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ನಾಟಿ ಮಾಡಿದ ಕೂದಲು ಗಟ್ಟಿಯಾಗಿ ಬೇರೂರಲೆಂದು ಅಲ್ಲಿ ಹೊಸ ಮದ್ದೊಂದರ ಪ್ರಯೋಗ ನಡೆದಿತ್ತು. ಒಟ್ಟು ನಲವತ್ತು ರೋಗಿಗಳು. ಅರ್ಧ ಜನರ ನೆತ್ತಿಗೆ ಮದ್ದು, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಚುಚ್ಚುವವರಿಗೂ ತಿಳಿಯಬಾರದು, ಅದೇ ಕಟ್ಟಳೆ. ರೋಗಿಗಳು ಸಹಿ ಹಾಕುವ ಹದಿನಾಲ್ಕು ಪುಟಗಳಲ್ಲಿ ಇದೆಲ್ಲ ಬರೆದಿತ್ತು. ಸಹಿ ಎಲ್ಲರೂ ಹಾಕಿದ್ದರು, ಓದಿದವರು ಕಡಿಮೆ.

"ಹದಿನೇಳನೇ ನಂಬರ್ ಯಾರು?"

"ಬೆದ್ರಿ ಅಂತ. ಹಡಗುಕಟ್ಟೆ ವೆಲ್ಡರ್. ಆದ್ರೆ ಅವನೇ ಅಂತ ಹೆಂಗೆ ಹೇಳ್ಲಿ? ಅವನ ತಮ್ಮಂದಿರು ಇಬ್ರು ದಿನಾ ಬಂದು ಇದನ್ನೇ ಕೇಳಿ ಜಗಳ ಆಡ್ತಿದ್ರು."

11.50ಕ್ಕೆ ಪಂಚನಾಮೆ ಶುರುವಾಯಿತು. ಹಿಂದಿನ ಮೆಟ್ಟಿಲ ಕೆಳಗಿನ ಕಸದ ಡಬ್ಬದಲ್ಲಿ ರಕ್ತದಲ್ಲಿ ನೆನೆದ ಹಸಿರಂಗಿ ಸಿಕ್ಕಿತು. ತಹ್ಸಿನ್ ಅದನ್ನು ನೆಲದ ಮೇಲೆ ಹರಡಿದ. ತಲೆಯಿಂದ ತೊಡುವ ಅಂಗಿ. ಆದರೆ ಎದುರುಗಡೆ ಕತ್ತಿನಿಂದ ಅಂಚಿನವರೆಗೆ ಕತ್ತರಿಯಲ್ಲಿ ನೇರವಾಗಿ ಸೀಳಿ, ನಾಲ್ಕು ಪಿನ್ ಹಾಕಲಾಗಿತ್ತು.

"ಯಾಕೋ ಸೀಳಿದ? ಸೈಜ್ ಸಾಲ್ಲಿಲ್ವಾ?"

"ಆನೆಗೂ ಆಗೋ ಸೈಜು ಸಾಹೇಬ್ರೆ." ರೆಜಾಯಿಯ ಕೈ ತಾನಾಗಿ ತಲೆಗೆ ಹೋಯಿತು. ಮೂರು ವರ್ಷದ ಹಿಂದೆ ಅವನೂ ನಾಟಿ ಮಾಡಿಸಿಕೊಂಡಿದ್ದ. ಠಾಣೆಯಲ್ಲಿ ಅಂದಿನಿಂದ ಅವನ ಹೆಸರು ಹುಲ್ಲುಗಾವಲು. "ನಾಟಿ ಆದ ಹತ್ತು ದಿನ ತಲೆ ಮೇಲಿಂದ ಏನೂ ಎಳ್ಕೋಬಾರ್ದು, ಬೇರು ಕಿತ್ತು ಬರುತ್ತೆ. ನಾನೂ ಬರೀ ಗುಂಡಿ ಅಂಗೀಲಿದ್ದೆ. ನಿದ್ದೇನೂ ಕೂತ್ಕೊಂಡೇ."

"ಅಂದ್ರೆ ಇದು ತಮ್ಮಂದಿರ ಕೆಲ್ಸ ಅಲ್ಲ. ಕೊಲ್ಲೋಕೆ ಬಂದೋನು ಪೈರು ಕಾಯ್ತಾ ಬಂದಿದ್ದಾನೆ."

"ನಾಟಿ ಆದ್ಮೇಲೆ ಕಾವಲು ಬೇಡ್ವಾ?"

"ಈ ತಲೆ ಮೊದ್ಲೇ ಓಡಿಸಿದ್ರೆ ಇಷ್ಟೊತ್ತಿಗೆ ಬಡ್ತಿ ಸಿಗ್ತಿತ್ತಲ್ಲೋ."

"ಮೊದ್ಲು ಖಾಲಿ ಬಿದ್ದಿತ್ತು ಸಾಹೇಬ್ರೆ."

ಆಸ್ಪತ್ರೆಯ ಪುಸ್ತಕದ ಪ್ರಕಾರ ಬೆದ್ರಿಯ ನಾಟಿಯಾಗಿ ಆರು ದಿನವಾಗಿತ್ತು. ಎಫ್‌ಐಆರ್‌ನಲ್ಲಿ ಅವನ ಹೆಸರು ಸೇರಿತು.

3.15ಕ್ಕೆ ಹಡಗುಕಟ್ಟೆಗಳಿರುವ ತುಜ್ಲಾದಲ್ಲಿ ಬೆದ್ರಿಯ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದದ್ದೇ ಕುದಿಯುವ ಚಹಾದ ಕೆಟಲ್ ತಹ್ಸಿನ್‌ನ ಎದೆಗೆ ಬಿತ್ತು. ಹಿಂದೆಯೇ ಬಂದ ಪೈಪ್ ಪಾನಾ ರೆಜಾಯಿಯ ಮುಂಗೈಗೆ ಬಡಿಯಿತು. ಮೂಳೆ ಮುರಿದ ಸದ್ದು ಮೆಟ್ಟಿಲವರೆಗೆ ಕೇಳಿಸಿತು. ತಹ್ಸಿನ್ ಹೊಟ್ಟೆಗೆ ಗುದ್ದಿದ, ಮೊಣಕಾಲಿಗೆ ಒದ್ದ. ಬೆದ್ರಿ ಬಗ್ಗಲಿಲ್ಲ. ಪಾನಾ ಮತ್ತೆ ಮೇಲೆದ್ದಿತು.

ನೆಲದಿಂದ ರೆಜಾಯಿ ಕೂಗಿದ. "ತಲೆ! ಸಾಹೇಬ್ರೆ, ತಲೆಗೆ ಕೈ ಹಾಕಿ!"

ತಹ್ಸಿನ್‌ನ ಅಂಗೈ ನೆತ್ತಿಯಿಂದ ಒಂದು ಗೇಣು ಮೇಲೆ ಬಂದದ್ದೇ ತಡ, ಬೆದ್ರಿ ಕಲ್ಲಾದ. ಪಾನಾ ಕೆಳಗೆ ಬಿತ್ತು.

"ಮುಟ್ಬೇಡಿ," ಎಂದು ಎರಡೂ ಕೈ ಮುಂದೆ ಚಾಚಿದ. "ಕೋಳ ಹಾಕಿ. ತಲೆ ಮಾತ್ರ ಮುಟ್ಬೇಡಿ."

5.40ಕ್ಕೆ ಹೇಳಿಕೆ ದಾಖಲಾಯಿತು. ಹಿಂದಿನ ವರ್ಷ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದಾಗ ಅವನ ಹಣೆಯಿಂದ ನೆತ್ತಿಯವರೆಗಿನ ಚರ್ಮ ಸುಟ್ಟಿತ್ತು. ಐದು ವರ್ಷದ ಮಗಳು ನಾಜ್ಲಿ ಅಂದಿನಿಂದ ಅವನನ್ನು ಕಂಡರೆ ಮೇಜಿನ ಕೆಳಗೆ ಅಡಗುತ್ತಿದ್ದಳು. ಹೆಂಡತಿ ಅವಳನ್ನು ಕರೆದುಕೊಂಡು ತವರಿಗೆ ಹೋದಳು. ಮೊದಲ ನಾಟಿ ಸುಟ್ಟ ಚರ್ಮದಲ್ಲಿ ಹಿಡಿಯಲಿಲ್ಲ. ಎರಡನೆಯದಕ್ಕೆ ಹಿಂದಲೆಯಲ್ಲಿ ಉಳಿದಿದ್ದ ಕೂದಲೆಲ್ಲ ಖರ್ಚಾಯಿತು.

"ಅರ್ಧ ಜನಕ್ಕೆ ನೀರಂತೆ ಅಂತ ಪಕ್ಕದ ಕುರ್ಚಿಯೋನು ಅಂದ. ಹೋಗಿ ಡಾಕ್ಟ್ರನ್ನ ಕೇಳ್ದೆ. 'ನಂಗೂ ಗೊತ್ತಿಲ್ಲ, ಕಾದು ನೋಡೋಣ' ಅಂತ ನಕ್ಕ ಸಾಹೇಬ್ರೆ. ನನ್ ತಲೆ! ಉಳಿದಿದ್ದು ಅದೊಂದೇ ಅವಕಾಶ!"

ಮರುದಿನ ಮಧ್ಯಾಹ್ನ ಸರಕಾರಿ ವಕೀಲರ ಆದೇಶದ ಮೇಲೆ, ಮದ್ದು ತಯಾರಕರ ಬಳಿಯಿದ್ದ ಯಾರಿಗೆ ಯಾವುದೆಂಬ ಪಟ್ಟಿಯ ಮೊಹರು ಒಡೆಯಲಾಯಿತು. ನಂತರ ತಹ್ಸಿನ್ ಲಾಕಪ್ಪಿಗೆ ಹೋದ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ರೆಜಾಯಿ ಹಿಂದೆ ಬಂದ.

"ನೀರಾ?" ಬೆದ್ರಿ ಕೇಳಿದ.

"ಮದ್ದು."

ಬೆದ್ರಿ ಸರಳುಗಳ ಹತ್ತಿರ ಬಂದ. ತಗ್ಗಿದ ದನಿಯಲ್ಲಿ, "ಹಂಗಾದ್ರೆ ಯಾವಾಗ ಬರುತ್ತೆ?" ಎಂದ.

ತಹ್ಸಿನ್ ಹಿಂದಕ್ಕೆ ತಿರುಗಿ ನೋಡಿದ. ರೆಜಾಯಿ ಮುಂದೆ ಬಂದ.

"ಮೂರನೇ ವಾರಕ್ಕೆ ಎಲ್ಲಾ ಉದುರುತ್ತೆ ತಮ್ಮ. ಗಾಬರಿ ಆಗ್ಬೇಡ. ನಾಲ್ಕನೇ ತಿಂಗ್ಳಿಗೆ ಮೊಳಕೆ ಒಡೆಯುತ್ತೆ."

ಬೆದ್ರಿ ಕೋಳದ ಕೈಯಲ್ಲೇ ಬೆರಳು ಮಡಚಿ ಎಣಿಸಿದ.

"ಆಗಸ್ಟ್," ಎಂದ. "ನಾಜ್ಲಿಗೆ ಆರು ತುಂಬುತ್ತೆ."